ಸೈಡ್ ಅದ

ಆರನೇ ಕ್ಲಾಸಿನ ಪುಸ್ತಕದಲ್ಲಿ ತ್ರಿಭುಜಕ್ಕೆ ಮೂರು ಬಾಹು.
ಪುಟ್ಟಮಾದನ ನೋಟಿನಲ್ಲಿ ಮೂರು ಸೈಡು.
ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ
'ಕನ್ನಡದಲ್ಲಿ ಬರಿ' ಅಂದೆ.
'ಸೈಡು ಕನ್ನಡ ಅಲ್ವಾ ಮಿಸ್?' ಅಂದ.

ಬೆಲ್ಲು ಹೊಡೆಯಿತು, ಬಚಾವಾದೆ.

ತಾಳವಾಡಿಯಲ್ಲಿ ಈ ಪದಕ್ಕೆ ಪರ್ಮಿಟ್ಟು ಕೇಳುವವರಿಲ್ಲ.
ಬಣ್ಣಾರಿ ಚೆಕ್‌ಪೋಸ್ಟಿನವನು
'ಎಂಗ ಪೋರೆ, ಎಂದ ಸೈಡು?' ಅಂತಾನೆ,
ನಮ್ಮವರು 'ನಗರದ ಸೈಡಿಂದ' ಅಂತಾರೆ,
ಬೀಡಿ ಹಚ್ಚುವ ಕಡ್ಡಿಯ ಹಾಗೆ ಮಾತು ಕೈ ಬದಲಿಸುತ್ತದೆ.
ಮದುವೆ ಮಾತಿಗೆ ಬಂದವರು
ಗಂಡಿನ ಸೈಡು ಎಷ್ಟು ಎಲೆ ಅಂತ ಕೇಳುತ್ತಾರೆ.
ಪರೋಟದಂಗಡಿಯಲ್ಲಿ ಸೈಡಿಗೇನು ಅಂತ ಕೇಳುತ್ತಾರೆ.
ಚಿಕ್ಕಪ್ಪಂದಿರು ಪಾಲಿಗೆ ಕಿತ್ತಾಡುವಾಗ
'ಅತ್ತಿಗೆ, ನೀ ಯಾವ ಸೈಡು ಹೇಳು' ಅಂದರಂತೆ.
ಅವ್ವ 'ಒಲೆ ಸೈಡು' ಅಂದು
ಒಳಗೆ ಹೋದಳಂತೆ.

ಅಪ್ಪ ಮಾತ್ರ ಆ ಪದದಿಂದ ಕೂಲಿ ದುಡಿದ.
ಕೋಸಿನ ಲಾರಿ, ಮೆಟ್ಟುಪಾಳ್ಯದ ಮಂಡಿಗೆ.
ಸ್ಟೀರಿಂಗು ಆರುಚ್ಚಾಮಿಯದು,
ಎಡಗಡೆಯ ಕತ್ತಲು ಪೂರಾ ಅಪ್ಪನದು.
ದಿಂಬಂ ಘಾಟಿಯ ಇಪ್ಪತ್ತೇಳು ತಿರುವಿಗೂ
ಕಿಟಕಿಯಿಂದ ಎಡಗೈ ಚಾಚಿ
ಬಾಗಿಲ ತಗಡಿಗೆ ಎರಡು ಸಲ ಬಡಿದರೆ ಹೋಗು,
ಒಂದು ಸಲ ಬಡಿದರೆ ನಿಲ್ಲು.
'ಸೈಡ್ ಅದ ಬುಡಣ್ಣ, ಇನ್ನೂ ಅದ, ಬುಡು ಬುಡು'
ಅನ್ನುವಾಗ ಚಕ್ರಕ್ಕೂ ಕಣಿವೆಗೂ ನಡುವೆ
ಒಂದು ಗೇಣು.
ಆ ಗೇಣಿಗೆ ಸೈಡು ಅಂತ ಹೆಸರು.
ಅದರ ಮೇಲೆ ನಾನು ಬಿ.ಎಡ್ ಓದಿದ್ದು.

ಬಿಸಿಲು ತಿಂದು ತಿಂದು ಅವನ ಎಡಗೈ
ಬಲಗೈಗಿಂತ ಕಪ್ಪು.
ಅಂಗಿ ಬಿಚ್ಚಿ ನಿಂತರೆ
ಇನ್ಯಾರದೋ ತೋಳನ್ನು ತಂದು ಹೊಲಿದ ಹಾಗೆ.

ಈಗ ಆ ಸೈಡು ಬಿದ್ದಿದೆ.
ಊರಲ್ಲಿ ಹಾಗೇ ಹೇಳುವುದು,
'ಗುರುಮಲ್ಲಪ್ಪಂಗೆ ಒಂದ್ ಸೈಡು ಬಿದ್ದೋಯ್ತಂತ',
ಮಳೆಗೆ ಗೋಡೆ ಬಿದ್ದದ್ದನ್ನು ಹೇಳಿದ ಹಾಗೆ.
ಸತ್ಯಮಂಗಲದ ಡಾಕ್ಟರು ಬೇರೆ ಹೇಳಿದರು:
ಕೈ ಹೋಗಲಮ್ಮ, ಬಿಡಿ,
ಅವರಿಗೆ ಎಡಗಡೆ ಅನ್ನೋದೇ ಮರೆತುಹೋಗಿದೆ.
ಕಣ್ಣು ಸರಿಯಾಗಿದೆ. ಆ ಕಡೆ ನೋಡೋದಿಲ್ಲ.

ಅಪ್ಪನಿಗೆ! ಎಡಗಡೆ!
ಮನೆಗೆ ಬಂದ ಮೇಲೆ ನೋಡಿದೆ.
ಗಡ್ಡ ಅರ್ಧ ಕೆರೆದು ಕನ್ನಡಿ ವಾಪಸ್ ಕೊಟ್ಟ.
ಎಡಕ್ಕೆ ಕೂತ ಅವ್ವನನ್ನು
ಬಲಕ್ಕೆ ತಿರುಗಿ ಕೂಗಿದ.
ತಟ್ಟೆಯಲ್ಲಿ ಬಲಗಡೆಯ ಅನ್ನ ಖಾಲಿ,
ಎಡಗಡೆಯದು ಇಟ್ಟ ಹಾಗೇ ಇದೆ.
'ಇನ್ನೊಸಿ ಇಕ್ಕವ್ವ, ಸಾಲ್ದು' ಅಂತಾನೆ.

ರಾತ್ರಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು,
ಬೆನ್ನು ಹುಣ್ಣಾಗದ ಹಾಗೆ.
ಅದಕ್ಕೆ ನಮ್ಮಲ್ಲಿ ಯಾರೂ ಸೈಡು ಅನ್ನುವುದಿಲ್ಲ.
ಮಗ್ಗುಲು.
ಕೂಸಿಗೆ, ಬಾಣಂತಿಗೆ, ಹೀಗೆ ಮಲಗಿಬಿಟ್ಟವರಿಗೆ
ಇನ್ನೂ ಆ ಹಳೆಯ ಮಾತೇ.
ಕಪ್ಪು ತೋಳನ್ನು ಎತ್ತಿ ಎದೆಯ ಮೇಲೆ ಇಡುತ್ತೇನೆ,
ನೆನೆದ ಗೋಣಿಚೀಲದ ಭಾರ.
ಪುಸ್ತಕದವರು ಬಾಹು ಅಂದದ್ದು
ಸರಿಯೇ ಇರಬಹುದು.
ಮರುದಿನ ಪುಟ್ಟಮಾದನ ನೋಟು ತರಿಸಿ
ಕೆಂಪು ಸುತ್ತಿನ ಪಕ್ಕ ಒಂದು ರೈಟು ಹಾಕಿದೆ.
ಯಾಕೆ ಅಂತ ಅವನೂ ಕೇಳಲಿಲ್ಲ.

ನಿನ್ನೆ ಮಧ್ಯಾಹ್ನ ಮೊಸರನ್ನ.
ಅರ್ಧಕ್ಕೇ ಕೈತೊಳೆಯಲು ನೀರು ಕೇಳಿದ.
ಅವನ ಬಲಗಡೆ ಕೂತಿದ್ದೆ
(ಎಡಗಡೆ ಕೂತರೆ ನಾನಿಲ್ಲ),
ತಟ್ಟೆಯ ಅಂಚಿಗೆ ಬೆರಳಲ್ಲಿ
ಎರಡು ಸಲ ಬಡಿದೆ,
ಮೆಲ್ಲಗೆ ತಿರುಗಿಸಿದೆ, ಲೋಡು ತುಂಬಿದ್ದನ್ನು
ತಿರುವಿನಲ್ಲಿ ತಿರುಗಿಸುವ ಹಾಗೆ.
'ಸೈಡ್ ಅದ ಅಪ್ಪ' ಅಂದೆ, 'ಇನ್ನೂ ಅದ.'

ತಟ್ಟೆ ನೋಡಿದ. ನನ್ನನ್ನು ನೋಡಿದ.
ಅವನ ಹುಬ್ಬು ಗಂಟಾಯಿತು.
'ಇಳ್ದು ನೋಡ್ದಾ?' ಅಂದ.